ದೋಣಿಯ ಪಟ್ಟಿಯಲ್ಲಿ ಮೂರನೆಯ ಹೆಸರು

“ಇದನ್ನ ಹೊಲಿದಿದ್ದು ಯಾರು? ಮೀನಿನ ಬಲೆ ಹೆಣೆಯೋವ್ರಾ?”

ದೋಣಿಯ ಮೇಲೆ ಹರಡಿದ್ದ ದೊಡ್ಡ ಹಾಯಿಯ ಪಕ್ಕ ಮಂಡಿಯೂರಿ ಕುಳಿತಿದ್ದ ಯುವಕ ತಲೆಯೆತ್ತದೆಯೇ ಕೇಳಿದ. ಅವನ ಬೆರಳು ನಿಂಕೆ ಹಾಕಿದ್ದ ತೇಪೆಯ ಮೇಲೆ ನಿಂತಿತ್ತು.

ನಿಂಕೆಯ ಕಿವಿ ಬಿಸಿಯಾಯಿತು.

“ನಾನೇ! ಗಾಳಿ ಹೊಡೀತಾ ಇತ್ತು, ದೋಣಿ ಮಗುಚೋ ಹಾಗೆ ಓಲಾಡ್ತಾ ಇತ್ತು. ಒಂದು ಕೈಲಿ ಕಂಬ ಹಿಡ್ಕೊಂಡು, ಇನ್ನೊಂದು ಕೈಲಿ ಸೂಜಿ ಹಿಡ್ಕೊಂಡು ಹೊಲಿದೆ. ನಿಮ್ಮ ಕೈಲಿ ಆಗುತ್ತಾ?”

ಆಗ ಅವನು ತಲೆಯೆತ್ತಿದ. ಸುಮಾರು ಮೂವತ್ತರ ಪ್ರಾಯ, ಕಪ್ಪು ಮುಖ, ತುಂಬ ಶಾಂತವಾದ ಕಣ್ಣುಗಳು. ಅವಳನ್ನೊಮ್ಮೆ, ತೇಪೆಯನ್ನೊಮ್ಮೆ ನೋಡಿದ.

“ಇಲ್ಲ. ನನ್ನ ಕೈಲಿ ಆಗಲ್ಲ. ತಪ್ಪಾಯ್ತು,” ಅಂದ.

ನಿಂಕೆ ಇನ್ನೂ ನಾಲ್ಕು ಮಾತು ಸಿದ್ಧಮಾಡಿಕೊಂಡಿದ್ದಳು. ಜಗಳಕ್ಕೆ ಬಂದವನು ಹೀಗೆ ಮೊದಲ ಸುತ್ತಿನಲ್ಲೇ ಸೋತುಬಿಟ್ಟರೆ ಆ ಮಾತುಗಳನ್ನೆಲ್ಲ ಎಲ್ಲಿಡುವುದು? ಅವನು ಹಾಯಿ ಮಡಚಿ ಹೆಗಲಿಗೇರಿಸಿಕೊಂಡು ತನ್ನ ಪುಟ್ಟ ದೋಣಿಗೆ ಇಳಿದ.

“ನನ್ನ ಹೆಸರು ಆಲ್ಸ್ಟನ್. ಮೂರು ವಾರ ಹಿಡಿಯುತ್ತೆ ಇದಕ್ಕೆ,” ಎಂದವನು ಮತ್ತೆ ತಿರುಗಿ, “ಸೂಜಿ ಹಿಡಿಯೋದು ಕಲೀಬೇಕು ಅನ್ನಿಸಿದ್ರೆ ಬನ್ನಿ,” ಅಂದ.

ಬೆಕ್ವೇ ದ್ವೀಪದಲ್ಲಿ ಹಾಯಿ ಹೊಲಿಯುವವರಲ್ಲಿ ಆಲ್ಸ್ಟನ್‌ನ ಕೈ ಒಳ್ಳೆಯದು ಎಂದು ಬಂದರಿನವರೆಲ್ಲ ಹೇಳಿದ್ದರು. ಅವನ ನಾಲಿಗೆಯ ಬಗ್ಗೆ ಯಾರೂ ಹೇಳಿರಲಿಲ್ಲ ನೋಡಿ!

ನಿಂಕೆಗೆ ಇಪ್ಪತ್ತೇಳು. ಊರು ಹಾರ್ಲಿಂಗನ್, ಉತ್ತರದ ತಣ್ಣನೆಯ ಸಮುದ್ರದ ದಡದಲ್ಲಿ. ಅಲ್ಲಿ ಅವಳದು ಪಿಯಾನೋಗಳಿಗೆ ಶ್ರುತಿ ಮಾಡುವ ಕೆಲಸ. ಅಪ್ಪ ಡೌವೆ, ಅಮ್ಮ ಹಿಲ್ಕೆ ಮನೆ ಮಾರಿ ದೋಣಿ ಕೊಂಡು ಬೆಚ್ಚನೆಯ ದ್ವೀಪಗಳ ಕಡೆಗೆ ಹೊರಟಾಗ ಅವಳೂ ಬಂದಿದ್ದಳು, ಬರೀ ಆರು ತಿಂಗಳಿಗೆ! ಆ ಆರು ತಿಂಗಳು ಮುಗಿದೇ ಒಂದೂವರೆ ವರ್ಷವಾಗಿತ್ತು.

ಊರಿನ ಗೆಳತಿಯರು ಫೋನಿನಲ್ಲಿ ಫೋಟೋ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ‘ಎಂಥಾ ಅದೃಷ್ಟವಂತೆ ಕಣೇ ನೀನು! ದಿನಾ ಸಮುದ್ರ, ದಿನಾ ಬಿಸಿಲು!’

ಹೌದು. ದಿನಾ ಸಮುದ್ರ, ದಿನಾ ಬಿಸಿಲು, ದಿನಾ ಅದೇ ಹನ್ನೆರಡು ಮೀಟರ್ ದೋಣಿ. ಅವಳ ಮಲಗುವ ಜಾಗದಲ್ಲಿ ಎದ್ದು ಕೂತರೆ ತಲೆ ತಗಲುತ್ತಿತ್ತು. ಅಳಬೇಕೆನ್ನಿಸಿದರೂ ಸದ್ದಿಲ್ಲದೆ ಅಳಬೇಕು. ಆ ತೆಳು ಹಲಗೆಯಾಚೆ ಅಮ್ಮ ಮಗ್ಗಲು ಬದಲಾಯಿಸಿದರೂ ಇವಳಿಗೆ ಕೇಳುತ್ತಿತ್ತು.

ಹಾಗಾದರೆ ಹೋಗಬಹುದಿತ್ತಲ್ಲ? ಯಾರು ಹಿಡಿದಿಟ್ಟಿದ್ದರು?

ಹಿಡಿದಿಟ್ಟದ್ದು ಒಂದು ಮಾತು. ಅಟ್ಲಾಂಟಿಕ್ ದಾಟುವ ಮುಂಚೆ ಒಂದು ಬೆಳಗ್ಗೆ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದ. “ನಿಂಕೆ, ನನಗೆ ನೇರ ನೋಡಿದ್ರೆ ಮಸುಕು. ಓರೆಯಲ್ಲಿ ಮಾತ್ರ ಕಾಣುತ್ತೆ. ಡಾಕ್ಟರು ಇದು ವಾಪಸ್ ಬರೋ ದೃಷ್ಟಿ ಅಲ್ಲ ಅಂದ್ರು. ಅಮ್ಮನಿಗೆ ಹೇಳಬೇಡ. ಹೇಳಿದ್ರೆ ಇವತ್ತೇ ದೋಣಿ ಮಾರಿಸ್ತಾಳೆ. ನೀನು ನನ್ನ ಕಣ್ಣಾಗಿರ್ತೀಯಾ... ಸ್ವಲ್ಪ ದಿನ?”

ಅವಳು ಆಗಲಿ ಅಂದಿದ್ದಳು. ಆ ‘ಸ್ವಲ್ಪ ದಿನ’ಕ್ಕೆ ಕೊನೆಯೇ ಬಂದಿರಲಿಲ್ಲ.

ನಕ್ಷೆ ಓದುವವಳು ಅವಳು. ಹವಳದ ದಿಬ್ಬ ಎಲ್ಲಿದೆ ಎಂದು ಮೆಲ್ಲಗೆ ಉಸುರುವವಳು ಅವಳು. ಒಂದು ದ್ವೀಪದಿಂದ ಇನ್ನೊಂದು ದೇಶದ ದ್ವೀಪಕ್ಕೆ ಹೋಗುವಾಗ ಬಂದರು ಕಚೇರಿಗೆ ಕೊಡುವ ಪಟ್ಟಿ ತುಂಬುವವಳೂ ಅವಳೇ. ಕ್ಯಾಪ್ಟನ್: ಡೌವೆ. ಹಿಲ್ಕೆ. ನಿಂಕೆ. ಅಪ್ಪ ಸಹಿ ಹಾಕುವ ಕಡೆ ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ಆ ಪಟ್ಟಿಗೆ ಮುದ್ರೆ ಬಿತ್ತೆಂದರೆ ಒಂದೇ ದಿನದಲ್ಲಿ ಮೂವರೂ ಬಂದರು ಬಿಡಬೇಕು. ಮೂರನೆಯ ಹೆಸರನ್ನು ತನ್ನ ಕೈಯಾರೆ ಬರೆಯುವಾಗೆಲ್ಲ ನಿಂಕೆಗೆ ಎದೆ ಹಿಡಿದಂತಾಗುತ್ತಿತ್ತು.

ಸೂಜಿ ಹಿಡಿಯುವುದನ್ನು ಕಲಿಯಲು ಅವಳು ಮೂರನೆಯ ದಿನ ಹೋದಳು. ಮೂರನೆಯ ದಿನದವರೆಗೆ ಹೇಗೆ ತಡೆದುಕೊಂಡಳೋ!

ಆಲ್ಸ್ಟನ್‌ನ ಅಂಗಡಿ ಬಾದಾಮಿ ಮರದ ಪಕ್ಕ, ನೀರಿಗೆ ಹತ್ತು ಹೆಜ್ಜೆ. ದೊಡ್ಡ ಮರದ ನೆಲ, ಎರಡು ಹೊಲಿಗೆ ಯಂತ್ರ, ಮೂಲೆಯ ಕುರ್ಚಿಯಲ್ಲಿ ಅಜ್ಜಿ ಈವಡ್ನಿ. ಅಜ್ಜಿಗೆ ಎಂಬತ್ತೆರಡು. ಮಂಡಿ ಸೋತಿತ್ತು, ಬಾಯಿ ಸೋತಿರಲಿಲ್ಲ.

“ಏನಮ್ಮಾ, ನಿಮ್ಮೂರಲ್ಲಿ ಹೆಣ್ಮಕ್ಕಳಿಗೆ ಅನ್ನ ಹಾಕಲ್ವಾ? ಗಾಳಿ ಬಂದ್ರೆ ಹಾರಿಹೋಗ್ತೀಯಲ್ಲೇ!” ಎನ್ನುತ್ತ ಸುಟ್ಟ ದೀವಿಹಲಸು, ಹುರಿದ ಮೀನು ತಟ್ಟೆಗೆ ಹಾಕಿದರು.

ಪಿಯಾನೋ ಕೆಲಸದ ಸುದ್ದಿ ತಿಳಿದಿದ್ದೇ ತಡ, ಅಜ್ಜಿಯೇ ಇಗರ್ಜಿಯ ಪಾದ್ರಿಗೆ ಹೇಳಿ ಕಳಿಸಿದರು. ಇಗರ್ಜಿಯ ಪಿಯಾನೋ ಉಪ್ಪುಗಾಳಿಗೆ ಗಂಟಲು ಕಟ್ಟಿಕೊಂಡು ಎಷ್ಟೋ ವರ್ಷವಾಗಿತ್ತು. ನಿಂಕೆ ಅದರ ಹೊಟ್ಟೆ ಬಿಚ್ಚಿ ಕೂತಳು. ಬಹಳ ದಿನಗಳ ನಂತರ ಅವಳ ಕಿವಿ, ಅವಳ ಕೈ ಅವಳ ಮಾತನ್ನೇ ಕೇಳುತ್ತಿದ್ದವು. ಕೆಲಸ ಮಾಡುತ್ತ ಮಾಡುತ್ತ ಕಣ್ಣಲ್ಲಿ ನೀರು ಬಂತು.

ಹಿಂದಿನ ಬೆಂಚಿನಲ್ಲಿ ಆಲ್ಸ್ಟನ್ ಕೂತಿರುತ್ತಿದ್ದ. ಕಿಟಕಿಯ ಪರದೆ ಅಳೆಯಲು ಬಂದೆ ಅನ್ನುತ್ತಿದ್ದ. ನಾಲ್ಕು ಕಿಟಕಿಯ ಪರದೆಗೆ ಹನ್ನೊಂದು ದಿನ ಅಳತೆ!

“ಏನೋ, ನಿನಗೆ ದೇವರ ಮೇಲೆ ಇಷ್ಟೊಂದು ಭಕ್ತಿ ಯಾವಾಗ ಬಂತೋ?” ಎಂದು ಅಜ್ಜಿ ಕಾಲೆಳೆದರೆ ಅವನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದ.

ಒಂದು ದಿನ ಇಬ್ಬರೂ ಒಂದೇ ಹಾಯಿಯ ಎರಡು ತುದಿಯಲ್ಲಿ ಕೂತು ಹೊಲಿಯುತ್ತಿದ್ದರು. ಹೊಲಿಗೆ ನಡುವಿಗೆ ಬಂದು ಅವರ ಬೆರಳುಗಳು ತಾಗಿದವು. ಯಾರೂ ಕೈ ತೆಗೆಯಲಿಲ್ಲ.

“ನಿಂಕೆ... ಒಂದು ಕೇಳಲಾ? ದಿನಾ ನಾಲ್ಕು ಗಂಟೆ ಆಗ್ತಿದ್ದ ಹಾಗೆ ನಿನ್ನ ನಗು ನಿಂತುಹೋಗುತ್ತೆ. ದೋಣಿಗೆ ಓಡ್ತೀಯ. ಅಲ್ಲೇನಿದೆ?”

ನಾಲ್ಕು ಗಂಟೆಗೆ ಹವಾಮಾನದ ವರದಿ ಬರುತ್ತಿತ್ತು. ಅಮ್ಮ ಕಾಫಿ ಮಾಡುವ ಹೊತ್ತಿನಲ್ಲಿ ಅದನ್ನು ಅಪ್ಪನ ಕಿವಿಗೆ ಮೆಲ್ಲಗೆ ಓದಿ ಹೇಳಬೇಕಿತ್ತು.

“ಕಾರಣ ಕೇಳಬೇಡ ಆಲ್ಸ್ಟನ್. ಹೇಳೋ ಹಾಗಿಲ್ಲ.”

“ಇಲ್ಲೇ ಇದ್ದುಬಿಡಬೇಕು ಅನ್ನಿಸಲ್ವಾ?”

‘ಅನ್ನಿಸುತ್ತೆ! ದೇವರೇ, ಎಷ್ಟು ಅನ್ನಿಸುತ್ತೆ!’ ಎಂದು ಒಳಗೆ ಕೂಗಿತು ಅವಳ ಮನಸ್ಸು. ಬಾಯಿ ಮಾತ್ರ, “ಆಗಲ್ಲ,” ಅಂದಿತು.

ಅವನು ಅವಳ ಕೈ ಬಿಡಲಿಲ್ಲ.

ಹಾಯಿ ಸಿದ್ಧವಾಯಿತು. ಗುರುವಾರ ಆಲ್ಸ್ಟನ್ ಅದನ್ನು ದೋಣಿಗೆ ಕಟ್ಟಿಕೊಟ್ಟು ಹೋದ. ಆಗ ನಿಂಕೆ ಇಗರ್ಜಿಯಲ್ಲಿದ್ದಳು, ಅಮ್ಮ ಸಂತೆಗೆ ಹೋಗಿದ್ದಳು.

ಅದೇ ಕೊನೆ. ಅವತ್ತಿನಿಂದ ಆಲ್ಸ್ಟನ್ ಇಗರ್ಜಿಯ ಕಡೆ ತಲೆ ಹಾಕಲಿಲ್ಲ. ಅಂಗಡಿಗೆ ಹೋದರೆ, “ಗಿರಾಕಿಗಳ ದೋಣಿಗೆ ಹೋಗಿದ್ದಾನೆ,” ಎಂದರು ಅಜ್ಜಿ, ಮುಖ ಕೊಡದೆ. ದೀವಿಹಲಸೂ ಇಲ್ಲ, ತಮಾಷೆಯೂ ಇಲ್ಲ!

ನಿಂಕೆ ಬುಧವಾರವೇ ತುಂಬಿಟ್ಟಿದ್ದ ಪಟ್ಟಿಗೆ ಶುಕ್ರವಾರ ಅಪ್ಪ ಕಚೇರಿಯಿಂದ ಮುದ್ರೆ ಹಾಕಿಸಿಕೊಂಡು ಬಂದ. ಶನಿವಾರ ಬೆಳಗ್ಗೆ ನಿಂಕೆ ಬಂದರು ಕಟ್ಟೆಯ ಮೇಲೆ ನೀರು ತುಂಬಿಸುತ್ತಿದ್ದಾಗ ಎದುರಿಗೆ ಆಲ್ಸ್ಟನ್ ಬಂದ. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

“ಹೊರಟ್ರಾ?” ಎಂದ. ‘ನೀನು’ ಹೋಗಿ ಮತ್ತೆ ‘ನೀವು’ ಬಂದಿತ್ತು.

“ಯಾಕೆ ಹೀಗೆ ಮಾಡ್ತಾ ಇದ್ದೀಯ? ನಾನೇನು ತಪ್ಪು ಮಾಡಿದೆ?”

“ನೀವೂ ಅವರ ಜೊತೆ ಹೋಗ್ತಾ ಇದ್ದೀರಲ್ಲ?”

“ಹೋಗಲೇಬೇಕು!”

“ಹಾಗಾದ್ರೆ ನನಗೆ ಎರಡು ಸಲ ಉತ್ತರ ಸಿಕ್ತು. ಸಾಕು,” ಎಂದವನೇ ಅವಳ ನೀರಿನ ಡಬ್ಬ ಎತ್ತಿ ಪುಟ್ಟ ದೋಣಿಗೆ ಇಟ್ಟು, ತಿರುಗಿ ನೋಡದೆ ಹೋದ.

ಎರಡು ಸಲವೇ? ಒಂದು ಸಲವಾದರೂ ಅವನು ಏನು ಕೇಳಿದ್ದ? ನಿಂಕೆಗೆ ಏನೂ ಅರ್ಥವಾಗಲಿಲ್ಲ. ‘ಬಂದರಿಗೆ ಬರೋ ಹುಡುಗೀರ ಜೊತೆ ಮೂರು ವಾರದ ನಂಟು... ನಾನೇ ಹುಚ್ಚಿ!’ ಎಂದುಕೊಂಡಳು.

ದಕ್ಷಿಣಕ್ಕೆ ಮೂರು ದಿನದ ನಿಧಾನ ಪ್ರಯಾಣ. ದಾರಿಯಲ್ಲಿ ಬಿಳಿ ಮರಳಿನ ಎರಡು ಪುಟ್ಟ ದ್ವೀಪಗಳಲ್ಲಿ ಲಂಗರು ಹಾಕಿದರು. ಗಾಜಿನಂಥ ನೀರು, ತಳದಲ್ಲಿ ಆಮೆಗಳು. ಅಮ್ಮ ಅಕ್ಕಿಗಂಜಿಗೆ ದಾಲ್ಚಿನ್ನಿ ಉದುರಿಸಿ ಕೊಟ್ಟಳು. ಅಪ್ಪ ಹಾಡು ಗುನುಗಿದ. ನಿಂಕೆ ನಕ್ಕಳು, ತಿಂದಳು, ದಿಬ್ಬಗಳನ್ನು ತೋರಿಸಿದಳು. ಒಂದು ಮಧ್ಯಾಹ್ನ ನೀರಿಗೆ ಧುಮುಕಿ ಉಸಿರು ಕಟ್ಟುವವರೆಗೆ ಈಜಿದಳು. ಈಜಿ ಈಜಿ ಎಲ್ಲಿಗೆ ಹೋಗುವುದು? ತಿರುಗಿ ಬರಬೇಕಾದದ್ದು ಅದೇ ಏಣಿಗೆ.

ಸೋಮವಾರ ಬೆಳಗ್ಗೆ ಕ್ಯಾರಿಯಕೂ ಕೊಲ್ಲಿ ಸೇರಿದರು. ಅದು ಬೇರೆ ದೇಶ. ಇನ್ನೂ ಅನುಮತಿ ಸಿಗಬೇಕೆಂದು ಸೂಚಿಸುವ ಹಳದಿ ಬಾವುಟ ಏರಿತು. ಕ್ಯಾಪ್ಟನ್ ಹೋಗಿ ಕಾಗದ ತೋರಿಸಿ ಬರುವವರೆಗೆ ಉಳಿದವರು ನೆಲ ಮುಟ್ಟುವಂತಿಲ್ಲ.

ನಿಂಕೆ ಪಟ್ಟಿ ತುಂಬಲು ಕಾಗದದ ಚೀಲ ತೆಗೆದಳು. ಪಾಸ್‌ಪೋರ್ಟುಗಳ ನಡುವೆ ಒಂದು ನೀಲಿ ಲಕೋಟೆ ಇತ್ತು. ಮೇಲೆ ಅಂದವಾದ, ನಿಧಾನವಾಗಿ ಬರೆದ ಅಕ್ಷರ. ಆ ಅಕ್ಷರವನ್ನು ಅವಳು ಆಲ್ಸ್ಟನ್ ಹೊಲಿದ ಹಾಯಿಗಳ ಮೂಲೆಯಲ್ಲಿ ನೋಡಿದ್ದಳು!

‘ಮಾನ್ಯ ಡೌವೆ ಅವರಿಗೆ ಮತ್ತು ಹಿಲ್ಕೆ ಅಮ್ಮನವರಿಗೆ,

ನಮ್ಮ ಮನೆಯಲ್ಲಿ ಹೆಣ್ಣು ಕೇಳುವವನು ಮೊದಲು ಅವಳ ತಂದೆ ತಾಯಿಗೆ ಪತ್ರ ಬರೆಯಬೇಕು ಎಂದು ನನ್ನ ಅಜ್ಜಿ ಹೇಳುತ್ತಾಳೆ. ಇದು ನಾನು ಬರೆಯುತ್ತಿರುವ ಮೊದಲ ಪತ್ರ, ತಪ್ಪಿದ್ದರೆ ಮನ್ನಿಸಿ. ನನಗೆ ಸೋರದ ಮನೆ ಇದೆ, ಕೈಯಲ್ಲಿ ಕೆಲಸ ಇದೆ, ಜೋರು ಬಾಯಿಯ ಅಜ್ಜಿ ಇದ್ದಾಳೆ. ನಿಮ್ಮ ಮಗಳು ನಿಂಕೆಯನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ದಿನಾ ನಾಲ್ಕು ಗಂಟೆಗೆ ಅವಳ ನಗು ನಿಲ್ಲುತ್ತದೆ. ಯಾಕೆಂದು ನನಗೆ ತಿಳಿಯದು. ಅದು ನಿಲ್ಲದ ಹಾಗೆ ನೋಡಿಕೊಳ್ಳಲು ನಿಮ್ಮ ಅನುಮತಿ ಬೇಡುತ್ತೇನೆ...’

ನಿಂಕೆ ಕಾಗದ ಹಿಡಿದುಕೊಂಡೇ ಎದ್ದಳು. ಒಂದೇ ಉಸಿರಿಗೆ ಮೇಲೆ ಹತ್ತಿ ಬಂದಳು.

“ಅಪ್ಪಾ! ಇದನ್ನ ನಿನಗೆ ಯಾವಾಗ ಕೊಟ್ಟ?”

“ಏನದು?”

“ಆಲ್ಸ್ಟನ್ ಕೊಟ್ಟ ಕಾಗದ!”

“ಓ, ಅದಾ? ಗುರುವಾರ. ಮುಂದಿನ ಹಾಯಿನೂ ಹಳೇದಾಗಿದೆ, ಹೊಸದು ಹೊಲೀಬೇಕು ಅಂತ ಹೇಳ್ತಿದ್ನಲ್ಲ, ಅದರ ರೇಟು ಬರ್ಕೊಂಡು ಬಂದಿದ್ದ. ‘ಬೇಡಪ್ಪ, ಈಗ ಬೇಡ, ಶನಿವಾರ ಹೊರಡ್ತೀವಿ’ ಅಂದೆ. ಪಾಪ, ತುಂಬ ಹೊತ್ತು ಸುಮ್ಮನೆ ನಿಂತಿದ್ದ.”

“ಓದಿದ್ಯಾ ಇದನ್ನ?”

ಅಪ್ಪ ತಲೆ ತಗ್ಗಿಸಿದ. ಓದುವವರ ಹಾಗೆ ಕಾಗದ ಹಿಡಿದು, ಓದುವಷ್ಟು ಹೊತ್ತು ಎಣಿಸಿ, ತಲೆಯಾಡಿಸಿ ಮಡಚಿಡುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಆಲ್ಸ್ಟನ್ ಬಿಳಿ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ಬಂದದ್ದೂ ಆ ಕಣ್ಣಿಗೆ ಕಂಡಿರಲಿಲ್ಲ.

“ಅವನು ನನ್ನ ಕೇಳೋಕೆ ಬಂದಿದ್ದ ಅಪ್ಪಾ! ನನ್ನ! ನೀನು ಬೇಡ ಅಂದುಬಿಟ್ಟೆ!” ಎರಡು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಉಕ್ಕಿ ಬಂತು. “ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಿನ್ನ ಕಣ್ಣಾಗಿ ಆಗಿ ನನಗೆ ನನ್ನ ಜೀವನವೇ ಕಾಣದ ಹಾಗಾಯ್ತು!”

ಅಂದ ಮೇಲೆ ಅವಳಿಗೆ ಅರಿವಾಯಿತು. ಅಡುಗೆ ಮೂಲೆಯ ಮೆಟ್ಟಿಲಲ್ಲಿ ಅಮ್ಮ ನಿಂತಿದ್ದಳು.

‘ಅಯ್ಯೋ... ಹೇಳಿಬಿಟ್ಟೆ!’

ಅಮ್ಮ ಮಾತ್ರ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ.

“ಮೂವತ್ತೈದು ವರ್ಷ ನನ್ನ ಮುಖ ನೋಡ್ಕೊಂಡು ಮಾತಾಡಿದವನು, ಎರಡು ವರ್ಷದಿಂದ ನನ್ನ ಕಿವಿ ನೋಡ್ಕೊಂಡು ಮಾತಾಡ್ತಾನೆ. ನನಗೆ ಗೊತ್ತಾಗಲ್ವಾ ಡೌವೆ?”

“ಗೊತ್ತಿತ್ತಾ? ಮತ್ತೆ... ಯಾಕೆ ಹೇಳಲಿಲ್ಲ ಹಿಲ್ಕೆ?”

“ನೀನು ಹೇಳಲಿ ಅಂತ ಕಾದೆ. ಈ ದೋಣಿ ಮೇಲೆ ನನ್ನ ಹೆಸರು ಬರೆಸಿದ್ದೀಯ. ನನಗೆ ಈ ದೋಣಿ ಸಾಕಾಗಿದೆ, ಅಲುಗಾಡದ ಹಾಸಿಗೆ ಬೇಕು ಅಂತ ಹೇಗೆ ಹೇಳಲಿ? ನಿಂಕೆಗೆ ಸಮುದ್ರ ಇಷ್ಟ, ಅದಕ್ಕೇ ಉಳಿದಿದ್ದಾಳೆ ಅಂತ ಬೇರೆ ಅಂದ್ಕೊಂಡೆ!”

ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮೂವರೂ ಒಂದೇ ಗೂಡಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರಲ್ಲ! ನಗಬೇಕೋ ಅಳಬೇಕೋ?

ಅಪ್ಪ ಚುಕ್ಕಾಣಿ ಹಿಡಿದು ಮೆಲ್ಲಗೆ ಕೂತ. “ದಡಕ್ಕೆ ಹೋದ್ರೆ ನಾನು ಕುರುಡ,” ಅಂದ. “ಇಲ್ಲಿ ನಾನು ಕ್ಯಾಪ್ಟನ್. ಅಷ್ಟೇ ಕಾರಣ. ಅಷ್ಟಕ್ಕೆ ನಿನ್ನನ್ನ ಕಟ್ಟಿಹಾಕಿಬಿಟ್ಟೆ ಮಗಳೇ.”

ಅವನು ಅಳುತ್ತಿದ್ದ. ಅಪ್ಪ ಅಳುವುದನ್ನು ನಿಂಕೆ ಯಾವತ್ತೂ ನೋಡಿರಲಿಲ್ಲ. ಕೋಪವೆಲ್ಲ ಎಲ್ಲಿ ಹೋಯಿತೋ, ಓಡಿ ಹೋಗಿ ಅವನ ಹೆಗಲಿಗೆ ಮುಖವಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎದ್ದು, ಹಗ್ಗವನ್ನು ತಡಕಿ ಹಿಡಿದು ಹಳದಿ ಬಾವುಟ ಇಳಿಸಿದ.

“ಏನ್ ಮಾಡ್ತಾ ಇದ್ದೀಯ?”

“ಈ ದೇಶದೊಳಗೆ ಇನ್ನೂ ಕಾಲಿಟ್ಟಿಲ್ಲ. ತಿರುಗಿ ಹೋಗೋಣ. ಆ ಹುಡುಗನಿಗೆ ನಾನು ತಪ್ಪು ಉತ್ತರ ಕೊಟ್ಟು ಬಂದಿದ್ದೀನಿ.”

“ಎದುರುಗಾಳಿ ಅಪ್ಪಾ. ದಿನವಿಡೀ ಹಿಡಿಯುತ್ತೆ.”

“ಹಿಡೀಲಿ,” ಎಂದಳು ಅಮ್ಮ. ಕನ್ನಡಕ ಹಾಕಿಕೊಂಡು ನಕ್ಷೆಯ ಮುಂದೆ ಕೂತಳು. “ನೀನು ಸುಮ್ಮನೆ ಕೂತ್ಕೋ ನಿಂಕೆ. ಇವತ್ತು ನಾನು ಓದ್ತೀನಿ. ಡೌವೆ, ಎಡಗಡೆ ದಿಬ್ಬ, ಇನ್ನೂರು ಮೀಟರ್. ಸ್ವಲ್ಪ ಬಲಕ್ಕೆ... ಅಷ್ಟು ಬೇಡ ಮಾರಾಯ, ಸ್ವಲ್ಪ ಅಂದೆ!”

ನಿಂಕೆ ದೋಣಿಯ ಮೂತಿಯಲ್ಲಿ ಕಾಲು ಚಾಚಿ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಮಾಡಲು ಏನೂ ಇರಲಿಲ್ಲ. ತೆರೆ ಮುಖಕ್ಕೆ ಹೊಡೆಯಿತು. ಹಿಂದಿನಿಂದ ಅಪ್ಪ ಅಮ್ಮ ಜಗಳವಾಡುವುದು ಕೇಳುತ್ತಿತ್ತು. ಎಷ್ಟು ಸುಖದ ಜಗಳ!

ಆದರೆ ಆಲ್ಸ್ಟನ್? ಬಿಳಿ ಅಂಗಿ ತೊಟ್ಟು ಬಂದವನನ್ನು ಬೇಡ ಎಂದು ಕಳಿಸಿದ್ದಾಗಿತ್ತು. ಕಟ್ಟೆಯ ಮೇಲೆ ಅವಳೂ ‘ಹೋಗಲೇಬೇಕು’ ಅಂದಿದ್ದಳು. ಈಗ ಅವನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ? ಬೆಕ್ವೇಯ ದೀಪಗಳು ಕಂಡಾಗ ಕತ್ತಲಾಗಿತ್ತು.

ಮರುದಿನ ಬೆಳಗ್ಗೆ ಕಚೇರಿಯ ಕೆಲಸ ಮುಗಿಸಿ ಮೂವರೂ ಬಾದಾಮಿ ಮರದ ಕಡೆ ನಡೆದರು. ಅಂಗಡಿಯ ನೆಲದ ತುಂಬ ಹಾಯಿ ಹರಡಿತ್ತು. ಅವರನ್ನು ನೋಡಿ ಆಲ್ಸ್ಟನ್ ಎದ್ದು ನಿಂತ. ಮುಖ ಗಟ್ಟಿಯಾಗಿತ್ತು.

“ಹಾಯಿ ಹರೀತಾ?” ಎಂದ.

“ನಮ್ಮ ಹುಡುಗನ ಹೊಲಿಗೆ ಹರಿಯಲ್ಲ. ಬೇರೆ ಏನೋ ಹರಿದಿದೆ, ಅದಕ್ಕೇ ಬಂದಿದ್ದಾರೆ,” ಎಂದರು ಮೂಲೆಯಿಂದ ಅಜ್ಜಿ ಈವಡ್ನಿ.

ಅಪ್ಪ ಜೇಬಿನಿಂದ ನೀಲಿ ಲಕೋಟೆ ತೆಗೆದು ಮುಂದೆ ಚಾಚಿದ. ಕೈ ಆಲ್ಸ್ಟನ್ ನಿಂತ ಜಾಗಕ್ಕಿಂತ ಒಂದು ಗೇಣು ಪಕ್ಕಕ್ಕೆ ಹೋಗಿತ್ತು. ಆಲ್ಸ್ಟನ್ ಅದನ್ನು ನೋಡಿದ. ಅವನಿಗೆ ಏನೋ ಹೊಳೆಯಿತು.

“ಇದನ್ನ ನನಗೆ ಓದಿ ಹೇಳು ಮಗನೇ,” ಎಂದ ಅಪ್ಪ. ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ. “ನನಗೆ ಕಣ್ಣು ಕಾಣಲ್ಲ. ಗುರುವಾರ ಓದಿದ ಹಾಗೆ ನಾಟಕ ಮಾಡಿದೆ. ಇದರಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ.”

ಆಲ್ಸ್ಟನ್ ನಿಂಕೆಯ ಕಡೆ ನೋಡಿದ. ನಾಲ್ಕು ಗಂಟೆಯ ಗುಟ್ಟು ಅವನಿಗೆ ಈಗ ತಿಳಿಯಿತು. ಅವನ ಗಟ್ಟಿ ಮುಖ ನೋಡನೋಡುತ್ತಲೇ ಕರಗಿತು.

“ಎಲ್ಲರ ಮುಂದೆ ಓದಲಾ?”

“ಬರೆಯುವಾಗ ಇದ್ದ ಧೈರ್ಯ ಈಗೆಲ್ಲಿ ಹೋಯ್ತೋ? ಓದೋ!” ಎಂದರು ಅಜ್ಜಿ.

ಅವನು ಓದಿದ. ಸೋರದ ಮನೆಗೆ ಬಂದಾಗ ಸ್ವರ ಸರಿಯಿತ್ತು. ಜೋರು ಬಾಯಿಯ ಅಜ್ಜಿಗೆ ಬಂದಾಗ ಅಜ್ಜಿ, “ಎಲಾ ಇವನಾ! ನನಗೆ ಓದಿ ತೋರಿಸುವಾಗ ಇದಿರಲಿಲ್ಲ!” ಎಂದು ಕೋಲು ಎತ್ತಿದರು. ‘ಮನಸಾರೆ ಪ್ರೀತಿಸುತ್ತೇನೆ’ ಎಂಬಲ್ಲಿ ಸ್ವರ ನಿಂತೇಹೋಯಿತು. ಮುಂದಿನ ಸಾಲುಗಳನ್ನು ಅವನು ಕಾಗದ ನೋಡದೆ ಹೇಳಿದ.

ಅಮ್ಮ ಮೂಗು ಒರೆಸಿಕೊಂಡಳು. ಅಪ್ಪ ತಡಕಿ ಅವನ ಹೆಗಲ ಮೇಲೆ ಕೈಯಿಟ್ಟ.

“ಒಳ್ಳೆ ಕಾಗದ. ಆದ್ರೆ ನನಗೆ ಬರೆದು ತಪ್ಪು ಮಾಡಿದೆ. ಇವಳ ಪರವಾಗಿ ಎಲ್ಲದಕ್ಕೂ ನಾನೇ ಸಹಿ ಹಾಕಿದ್ದು ಸಾಕು. ಇವಳನ್ನೇ ಕೇಳು.”

ಎಂದವನೇ ಹೆಂಡತಿಯ ಕೈ ಹಿಡಿದು ಹೊರಗೆ ನಡೆದ. ಅಜ್ಜಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕೂತರು, ಅಷ್ಟೇ!

ನಿಂಕೆ ಹಾಯಿಯನ್ನು ಸುತ್ತಿ ಬಳಸಿ ಅವನೆದುರು ಬಂದು ನಿಂತಳು.

“ಅಪ್ಪ ಬೇಡ ಅಂದ ಕೂಡಲೇ ನನ್ನನ್ನ ಯಾಕೆ ಕೇಳಲಿಲ್ಲ?”

“ಹೆದರಿಕೆ ಆಯ್ತು. ನೀನೂ ಅದನ್ನೇ ಅಂದ್ರೆ... ತಡ್ಕೊಳ್ಳೋಕೆ ಆಗ್ತಿರಲಿಲ್ಲ.”

“ಎರಡು ವರ್ಷದಿಂದ ನಿನಗೇನು ಬೇಕು ಅಂತ ನನ್ನನ್ನ ಯಾರೂ ಕೇಳಿಲ್ಲ ಆಲ್ಸ್ಟನ್.”

ಅವನು ಅವಳ ಎರಡೂ ಕೈ ಹಿಡಿದುಕೊಂಡ. “ನಿನಗೇನು ಬೇಕು ನಿಂಕೆ?”

ಅವಳ ಕಣ್ಣು ತುಂಬಿ ಬಂತು. “ಇಲ್ಲಿ ಇರಬೇಕು. ನನ್ನ ಕೆಲಸ ಬೇಕು. ಕಾಲು ಚಾಚಿ ಮಲಗೋಷ್ಟು ಜಾಗ ಬೇಕು. ನೀನು ಬೇಕು!”

“ಇರ್ತೀಯಾ? ಎಷ್ಟು ದಿನ?”

“ಹೋಗಬೇಕು ಅನ್ನಿಸೋವರೆಗೆ. ಅನ್ನಿಸಿದ ದಿನ ಬಿಡ್ತೀಯಾ?”

ಆ ಮಾತು ಅವನಿಗೆ ಸುಲಭದ್ದಾಗಿರಲಿಲ್ಲ.

“ಬಿಡ್ತೀನಿ. ದೋಣಿವರೆಗೂ ನಾನೇ ಬಂದು ಹತ್ತಿಸ್ತೀನಿ.”

ನಿಂಕೆ ಅವನ ಎದೆಗೆ ಹಣೆಯಿಟ್ಟಳು.

“ಹಾಗಾದ್ರೆ ಎಲ್ಲೂ ಹೋಗಲ್ಲ,” ಅಂದಳು.